ಇಬ್ಬನಿ ಕುಡಿದ ಬಾಲ

೧೯೯೭ರಲ್ಲಿ ನನ್ನ ಓದು ನಿಂತಿತು. ಏಳನೆಯ ಇಯತ್ತೆಯ ಪರೀಕ್ಷೆ ಬರೆದಿದ್ದೆ, ಫಲಿತಾಂಶ ಇನ್ನೂ ಬಂದಿರಲಿಲ್ಲ. ಅಪ್ಪ ಕುರಿ ಹೊಡೆದುಕೊಂಡು ಕೃಷ್ಣಾ ದಂಡೆಯ ಕಡೆ ಹೊರಟಿದ್ದ, ಜೊತೆಗೆ ಒಂದಾಳು ಬೇಕಾಗಿತ್ತು, ನಾನು ಕೋಲು ಹಿಡಿದು ಬೆನ್ನು ಹತ್ತಿದೆ. ಪಾಸಾಗಿದ್ದೆನೋ ನಾಪಾಸೋ ಇವತ್ತಿನವರೆಗೂ ಕೇಳಲು ಹೋಗಿಲ್ಲ. ಕೆಲವು ವರ್ಷಗಳ ಮೇಲೆ ಉಮದಿಯಲ್ಲಿ ಒಬ್ಬ ಬಡಗಿಯ ಕೈಕೆಳಗೆ ಕೆಲಸಕ್ಕೆ ನಿಂತೆ. ಉಳಿ ಹಿಡಿಯುವುದನ್ನು ಕಲಿತೆ, ರಂದಾ ಹೊಡೆಯುವುದನ್ನು ಕಲಿತೆ, ಬೈಸಿಕೊಳ್ಳುವುದನ್ನೂ ಕಲಿತೆ. ಈಗ ಉಮದಿಯಿಂದ ಕರಜಗಿಯವರೆಗೆ ಎಷ್ಟೋ ಮನೆಗಳಲ್ಲಿ ನಾನು ಕೂರಿಸಿದ ಬಾಗಿಲುಗಳಿವೆ. ಮಳೆಗಾಲ ಬಂದರೂ ಒಂದೂ ಚೌಕಟ್ಟಿಗೆ ಕಚ್ಚುವುದಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ವಿಮಾನದ ಹುಚ್ಚು ಹಿಡಿದದ್ದು ಮಿರಜದಲ್ಲಿ. ಅಲ್ಲಿ ಒಂದು ಹೊಸ ಬಂಗಲೆಗೆ ಬಾಗಿಲು ಕೂರಿಸಲು ಹೋಗಿದ್ದೆ. ಎದುರಿನ ಬಯಲಲ್ಲಿ ಒಬ್ಬರು ರಿಮೋಟ್ ಹಿಡಿದು ಸಣ್ಣದೊಂದು ವಿಮಾನ ಹಾರಿಸುತ್ತಿದ್ದರು. ಮೊದಲು ಆಟಿಕೆ ಎಂದುಕೊಂಡೆ. ಅದು ಇಳಿದ ಮೇಲೆ ಹತ್ತಿರ ಹೋಗಿ ಬಗ್ಗಿ ನೋಡಿದರೆ, ರೆಕ್ಕೆಯ ಒಳಗೆ ಪಕ್ಕೆಲುಬಿನಂತೆ ಕಟ್ಟಿಗೆಯ ಪಟ್ಟಿಗಳು, ಅವುಗಳ ಮೇಲೆ ತೆಳುವಾದ ಹೊದಿಕೆ, ಬಾಲದಲ್ಲಿ ಕೂದಲೆಳೆಯಷ್ಟೂ ಅಲುಗಾಡದ ಕೀಲುಗಳು. ಇದು ನಮ್ಮ ಕಸುಬೇ ಅಲ್ಲವೇ ಎನಿಸಿತು. ಬಾಗಿಲಿಗೆ ಕೀಲು ಹಾಕುವವನು ವಿಮಾನದ ಬಾಲಕ್ಕೆ ಹಾಕಲಾರನೇ? ಅಂದಿನಿಂದ ಫೋನಿನಲ್ಲಿ ವಿಡಿಯೋ ನೋಡುವುದು ಶುರುವಾಯಿತು. ಹೆಚ್ಚಿನವು ಇಂಗ್ಲಿಷಿನಲ್ಲಿ ಇರುತ್ತಿದ್ದವು. ನಾನು ದನಿ ಬಂದ್ ಮಾಡಿ ಬರೀ ಕೈ ನೋಡುತ್ತಿದ್ದೆ. ಕೆಲಸ ಬಲ್ಲವನ ಕೈ ಯಾವ ಭಾಷೆಯಲ್ಲೂ ಒಂದೇ ಥರ ನಡೆಯುತ್ತದೆ.

ಮೊದಲನೆಯ ವಿಮಾನ ಏರುತ್ತ ಏರುತ್ತ ಮೂಗು ಎತ್ತಿ ನಿಂತುಬಿಟ್ಟಿತು, ಆಮೇಲೆ ಕಲ್ಲಿನ ಹಾಗೆ ಬಿತ್ತು. ಬಾಲದ ಕಡೆ ಭಾರ ಹೆಚ್ಚಾಗಿತ್ತು. ಎರಡನೆಯದರಲ್ಲಿ ತೂಕ ಸರಿಯಿತ್ತು, ಆದರೆ ಎಡಕ್ಕೆ ತಿರುಗು ಎಂದರೆ ಬಲಕ್ಕೆ ತಿರುಗುವಂತೆ ತಂತಿ ಜೋಡಿಸಿದ್ದೆ. ಅದು ಹೋಗಿ ಬೇಲಿಯ ಜಾಲಿಗೆ ಬಡಿಯಿತು. ಎರಡರ ಮುರಿದ ತುಂಡುಗಳನ್ನೂ ಎತ್ತಿ ತಂದು ಕೋಣೆಯ ಮೂಲೆಯಲ್ಲಿ ಇಟ್ಟೆ. ಒಂದೇ ತಪ್ಪು ಎರಡು ಸಲ ಆಗಲಿಲ್ಲವಲ್ಲ ಎಂಬ ಸಮಾಧಾನ ನನಗಿತ್ತು.

ಸಮಾಧಾನ ಇಲ್ಲದ್ದು ಹೆಂಡತಿಗೆ. ನಮ್ಮ ಮನೆ ಇರುವುದು ಊರ ಹೊರಗೆ, ಹೊಲದಲ್ಲೇ, ನಮ್ಮ ಕಡೆ ವಸ್ತಿ ಎನ್ನುತ್ತಾರೆ. ಮನೆಗೆ ಹೊಂದಿ ಒಂದು ಕೋಣೆ ಇದೆ. ಗಟ್ಟಿ ಗಚ್ಚಿನ ನೆಲ, ಒಳ್ಳೆಯ ಕಿಟಕಿ, ನನ್ನ ಯಂತ್ರಗಳಿಗೆಂದು ಎಳೆಸಿದ ತ್ರೀ ಫೇಜ್ ಕರೆಂಟು. ಬಾಗಿಲಿನ ಅಂಗಡಿಯನ್ನು ನಾನು ಉಮದಿಯ ರಸ್ತೆಗೆ ಒಯ್ದ ಮೇಲೆ ಈ ಕೋಣೆ ವಿಮಾನದ ಪಾಲಾಗಿತ್ತು. ಹೆಂಡತಿಯ ಬಚತ್ ಗಟದ, ಅಂದರೆ ಉಳಿತಾಯ ಸಂಘದ ಹೆಂಗಸರು ಶಾವಿಗೆ ಯಂತ್ರ ತರುವುದೆಂದು ಗೊತ್ತು ಮಾಡಿದರು. ಯಂತ್ರ ಎಲ್ಲಿ ಇಡುವುದು ಎಂಬ ಮಾತು ಬಂದಾಗ ಎಲ್ಲರೂ ಆ ಕೋಣೆಯ ಕಡೆಗೇ ನೋಡಿದರಂತೆ. ಪಡಸಾಲೆಯಲ್ಲಿ ಇಡಬಹುದಿತ್ತು, ಆದರೆ ಅಲ್ಲಿ ಗಾಳಿ, ಧೂಳು, ಕೋಳಿ.

ಒಂದು ದಿನ ಊಟಕ್ಕೆ ಬಡಿಸುತ್ತ ಆಕೆ ವಿಷಯ ಎತ್ತಿದಳು.

"ಎರಡು ಮುರದ್ರಿ. ಮೂರನೇದೂ ಮುರದ್ರ ಆ ಖೋಲಿ ನನಗ ಬಿಡ್ರಿ."

"ಮುರೀಲಿಲ್ಲಂದ್ರ?"

"ಮುರೀಲಿಲ್ಲಂದ್ರ ಮಶೀನು ಪಡಸಾಲ್ಯಾಗ ಕುಂಡರಸ್ತೀನಿ. ಮತ್ತ ಖೋಲಿ ಸುದ್ದಿ ಎತ್ತಂಗಿಲ್ಲ. ಆದ್ರ ಇಡೀದಾಗಿ ಇಳೀಬೇಕು ನೋಡ್ರಿ, ತುಂಡಾಗಿ ಅಲ್ಲ."

"ಒಂದು ಮೊಳಿ ಸೈತ ಕಡಿಮಿ ಆಗಂಗಿಲ್ಲ," ಎಂದೆ.

ಹಾಗೆ ಹೇಳುವಾಗ ನನಗೆ ಅನುಮಾನವೇನೂ ಇರಲಿಲ್ಲ. ಮೂರನೆಯದು ಆಗಲೇ ಅರ್ಧ ತಯಾರಾಗಿತ್ತು. ಅದರಂಥ ಕೆಲಸ ನಾನು ಅಲ್ಲಿಯವರೆಗೆ ಮಾಡಿರಲಿಲ್ಲ.

ರೆಕ್ಕೆ ಥರ್ಮಾಕೋಲಿನದು, ಉದ್ದ ನನ್ನ ಒಂದು ಮಾರಿಗೆ ತುಸು ಕಡಿಮೆ. ಒಳಗೆ ಉದ್ದಕ್ಕೂ ಬಿದಿರಿನ ಸೀಳು ಹಾಯಿಸಿದ್ದೆ. ಒಡಲು ತೆಳು ಪ್ಲೈವುಡ್ಡಿನದು. ಎಲ್ಲದರ ಮೇಲೂ ಖಾಕಿ ಕಾಗದ ಅಂಟಿಸಿದ್ದೆ. ಅಂಟು ಮಾತ್ರ ಅಂಗಡಿಯದಲ್ಲ, ಹುಣಸೆ ಬೀಜದ್ದು. ನಮ್ಮದು ಕುರಿಯವರ ಮನೆತನ. ಅವ್ವ ಕಂಬಳಿಗೆ ಹಾಕುತ್ತಿದ್ದುದು ಇದೇ ಗಂಜಿ: ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ ಅರೆದು ಕುದಿಸಿದ್ದು. ಅದನ್ನು ಕುಡಿದು ಒಣಗಿದ ಕಂಬಳಿ ನಿಲ್ಲಿಸಿದರೆ ನಿಲ್ಲುತ್ತದೆ. ಕಾಗದಕ್ಕೆ ಹಚ್ಚಿ ನೋಡಿದೆ. ಒಣಗಿದ ಮೇಲೆ ಹಲಗೆ ವಾದ್ಯದ ಚರ್ಮದಂತೆ ಬಿಗಿಯಿತು. ಬೆರಳಿನಿಂದ ಬಾರಿಸಿದರೆ ಟಣ್ ಎನ್ನುತ್ತಿತ್ತು. ಬಿಳಿ ಅಂಟಿಗಿಂತ ಹಗುರ. ಯಾವ ವಿಡಿಯೋದಲ್ಲೂ ಇದು ಇರಲಿಲ್ಲ, ನನ್ನ ಮನೆಯಿಂದ ಬಂದದ್ದು.

ರೆಕ್ಕೆಗೆ, ಒಡಲಿಗೆ ಎರಡೆರಡು ಕೈ ವಾರ್ನಿಶ್ ಹೊಡೆದೆ. ಬಾಲಕ್ಕೆ ಹೊಡೆಯಲಿಲ್ಲ. ಬಾಲ ಬಹಳ ಹಿಂದೆ ಇರುತ್ತದೆ. ಅಲ್ಲಿ ಒಂದು ಗುಂಜಿ ಭಾರ ಕೂಡಿದರೆ ಮೂಗಿನಲ್ಲಿ ಅದರ ಮೂರು ಪಟ್ಟು ಹಾಕಬೇಕಾಗುತ್ತದೆ. ಮೊದಲನೆಯ ವಿಮಾನ ಕೆಡವಿದ್ದು ಬಾಲದ ಭಾರವೇ ಆದ್ದರಿಂದ ಈ ಸಲ ಅಲ್ಲಿ ವಾರ್ನಿಶ್ ಕೂಡ ಬೇಡವೆಂದು ಬಿಟ್ಟೆ.

ಇನ್ನು ತೂಗುವ ಕೆಲಸ. ಹಾರುವುದಕ್ಕಿಂತ ಮುಂಚಿನ ಈ ಕೆಲಸ ನನಗೆ ಹಾರುವುದಕ್ಕಿಂತ ಹೆಚ್ಚು ಸೇರುತ್ತದೆ. ಒಂದು ಹಲಗೆಯ ಮೇಲೆ ಎರಡು ಸಾಗವಾನಿ ಗೂಟ ನಿಲ್ಲಿಸಿ, ತುದಿಗಳನ್ನು ಗುಂಡಗೆ ತಿದ್ದಿ, ರಬ್ಬರು ಅಂಟಿಸಿಕೊಂಡಿದ್ದೇನೆ. ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಕ್ಕೆ, ಅದರ ಅಗಲದ ಮೂರನೇ ಒಂದು ಪಾಲಿಗಿಂತ ತುಸು ಮುಂದೆ, ಕೆಳಗಡೆ ಎರಡು ಬದಿಗೂ ಮಸಿಯ ಗುರುತು ಹಾಕಿಕೊಳ್ಳಬೇಕು. ಬ್ಯಾಟರಿ, ಮೂಗಿನ ಪಂಖಾ, ಗಾಲಿ, ಹಾರುವಾಗ ಏನೇನು ಇರುತ್ತದೋ ಎಲ್ಲ ಹಾಕಿರಬೇಕು. ಆಮೇಲೆ ಆ ಗುರುತುಗಳು ಗೂಟದ ತುದಿಗೆ ಬರುವಂತೆ ವಿಮಾನವನ್ನು ಮೆಲ್ಲಗೆ ಕೂರಿಸಿ ಕೈ ಬಿಡಬೇಕು. ಮೂಗು ತುಸುವೇ ಕೆಳಗೆ ಬಾಗಿ ನಿಂತರೆ ಸರಿ. ಬಾಲ ಕುಸಿದರೆ ಅವತ್ತು ಹಾರಿಸುವ ಆಸೆ ಬಿಡಬೇಕು. ಮೂಗು ಭಾರವಾದ ವಿಮಾನ ಸೋಮಾರಿಯ ಹಾಗೆ ಹಾರುತ್ತದೆ, ಆದರೂ ಹಾರುತ್ತದೆ. ಬಾಲ ಭಾರವಾದದ್ದು ಮಾತು ಕೇಳುವುದಿಲ್ಲ.

ಅಡ್ಡಡ್ಡಲಾಗಿಯೂ ತೂಗಬೇಕು. ಮೂಗಿಗೊಂದು, ಬಾಲಕ್ಕೊಂದು ದಾರ ಕಟ್ಟಿ ನೇತುಹಾಕಿದರೆ ಯಾವ ರೆಕ್ಕೆ ಭಾರ ಎಂದು ತಿಳಿಯುತ್ತದೆ. ನನ್ನದರಲ್ಲಿ ಎಡರೆಕ್ಕೆ ಕೊಂಚ ತಗ್ಗಿತು. ಬಲರೆಕ್ಕೆಯ ತುದಿಗೆ ಒಂದು ಸಣ್ಣ ಮೊಳೆ ಒತ್ತಿದೆ, ಸರಿಹೋಯಿತು.

ಶಾವಿಗೆ ಯಂತ್ರ ಬರುವ ದಿನ ಗೊತ್ತಾಯಿತು. ಹೆಂಡತಿಯ ತಮ್ಮ ಅಸಂಗಿಯವನು. ಅವನೇ ವಿಜಯಪುರದಿಂದ ಯಂತ್ರವನ್ನು ಟೆಂಪೊದಲ್ಲಿ ಹೇರಿಸುವ ವ್ಯವಸ್ಥೆ ಮಾಡಿದ್ದ. ಒಂದು ದಿನ ಮೊದಲೇ ಮೋಟಾರ್ ಸೈಕಲ್ ಮೇಲೆ ನಮ್ಮಲ್ಲಿಗೆ ಬಂದ. ನನ್ನನ್ನು ಮರಾಠಿಯವರಂತೆ ದಾಜಿ ಎನ್ನುತ್ತಾನೆ, ಅಕ್ಕನ ಗಂಡನೆಂದು. ಗೌರವವೂ ಅದರಲ್ಲೇ, ಚೇಷ್ಟೆಯೂ ಅದರಲ್ಲೇ. ಟೆಂಪೊ ನಾಳೆ ಹನ್ನೊಂದರ ಹೊತ್ತಿಗೆ ಬರುತ್ತದೆ ಎಂದ. ಹಾಗಾದರೆ ವಿಮಾನ ನಾಳೆ ಬೆಳಿಗ್ಗೆಯೇ ಹಾರಬೇಕು. ನಾಲ್ಕು ಜನ ಸೇರಿ ಇಳಿಸುವ ಯಂತ್ರ ಒಮ್ಮೆ ಕೋಣೆಯೊಳಗೆ ಕೂತರೆ ಯಾರೂ ಅದನ್ನು ಮತ್ತೆ ಎತ್ತಿ ಪಡಸಾಲೆಗೆ ತರುವುದಿಲ್ಲ, ಪಡಸಾಲೆಯಲ್ಲಿ ಕೂತರೆ ಕೋಣೆಗೂ ಒಯ್ಯುವುದಿಲ್ಲ.

ಆ ಸಂಜೆ ಗಾಳಿ ನಿಂತಿತ್ತು. ಅಂಗಳದಲ್ಲಿ ಹೊರಸು ಹಾಕಿ, ಅದರ ಮೇಲೆ ಗೂಟದ ಹಲಗೆ ಇಟ್ಟು, ರೆಕ್ಕೆಯನ್ನು ಒಡಲಿಗೆ ಬಿಗಿದು ಕೊನೆಯ ಸಲ ತೂಗಿದೆ. ಮೂಗು ತುಸು ಬಾಗಿ ನಿಂತಿತು. ಹೆಂಡತಿಯ ತಮ್ಮನೂ ಬಗ್ಗಿ ನೋಡಿದ. ತಕ್ಕಡಿಗಿಂತ ಚಲೋ ನಿಂತೈತಿ ಎಂದು ಒಪ್ಪಿಕೊಂಡ. ಇನ್ನು ರೆಕ್ಕೆ ಬಿಚ್ಚಿ ಕೋಣೆಗೆ ಒಯ್ಯಬೇಕು. ನನಗೆ ಬಿಚ್ಚುವ ಮನಸ್ಸಾಗಲಿಲ್ಲ. ಇಷ್ಟು ಚೆನ್ನಾಗಿ ಕೂತದ್ದನ್ನು ಬಿಚ್ಚಿದರೆ ನಾಳೆ ಮತ್ತೆ ಹೀಗೇ ಕೂರುತ್ತದೆ ಎಂದು ಏನು ನಂಬಿಕೆ? ಜೋಡಿಸಿದ ವಿಮಾನ ಕೋಣೆಯ ಬಾಗಿಲಲ್ಲಿ ಹಿಡಿಯುವುದಿಲ್ಲ. ಆ ಬಾಗಿಲು ಮಾಡಿದವನೂ ನಾನೇ. ವಿಮಾನವನ್ನು ಹೊರಸಿನ ಮೇಲೆಯೇ ಮಲಗಿಸಿ ಕಂಬಳಿ ಹೊದಿಸಿದೆ.

"ಇಬ್ನಿ ಬೀಳ್ತೈತ್ರಿ," ಎಂದಳು ಹೆಂಡತಿ.

"ಕಂಬಳ್ಯಾಗ ಮಳಿ ಇಳಿಯಂಗಿಲ್ಲ, ಇಬ್ನಿ ಇಳೀತೈತೇನು?"

ಕಂಬಳಿ ಒಳ್ಳೆಯದೇ. ಅವ್ವನ ಕಾಲದ್ದು. ರೆಕ್ಕೆಯನ್ನು ಪೂರ್ತಿ ಮುಚ್ಚಿತು, ಮೂಗನ್ನೂ ಮುಚ್ಚಿತು. ಬಾಲ ಒಂದು ಗೇಣು ಹೊರಗೆ ಉಳಿಯಿತು.

ಬೆಳಿಗ್ಗೆ ಎದ್ದಾಗ ಬೇಲಿಯ ಮೇಲೆ ಜೇಡರಬಲೆಗಳೆಲ್ಲ ಬೆಳ್ಳಗೆ ಕಾಣುತ್ತಿದ್ದವು. ಚಹಾ ಕುಡಿದು ವಿಮಾನವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮನೆಯ ಹಿಂದಿನ ಮಡ್ಡಿಗೆ ನಡೆದೆ. ಮಡ್ಡಿ ಎಂದರೆ ಬಿತ್ತನೆಯಿಲ್ಲದ ಗಟ್ಟಿ ನೆಲ. ಕುರಿ ಮೇಯ್ದು ಹುಲ್ಲು ನೆಲಕ್ಕೆ ಹತ್ತಿರುತ್ತದೆ. ಅಲ್ಲಲ್ಲಿ ಕಲ್ಲು. ಹಿಂದಿನ ದಿನವೇ ಕಲ್ಲು ಆರಿಸಿ ಹಾರಲು ಒಂದು ಹಾದಿ ಮಾಡಿಕೊಂಡಿದ್ದೆ. ಹೆಂಡತಿ ಗೂಟದ ಹಲಗೆ ಹೊತ್ತು ಬಂದಳು, ಆಕೆಯ ತಮ್ಮ ರಿಮೋಟಿನ ಡಬ್ಬಿ ಹಿಡಿದು ಬಂದ. ದ್ರಾಕ್ಷಿ ತೋಟದ ಕೆಲಸಕ್ಕೆ ಹೊರಟಿದ್ದ ಪಕ್ಕದ ವಸ್ತಿಯ ನಾಲ್ಕೈದು ಗಂಡಸರೂ ಬುತ್ತಿ ಹಿಡಿದುಕೊಂಡೇ ಬಂದು ನಿಂತರು.

ಮೊದಲು ರಿಮೋಟಿನ ಪರೀಕ್ಷೆ. ಪಂಖಾ ತಿರುಗದಂತೆ ಅದರ ವೈರು ಕಳಚಿಟ್ಟು, ಹೆಂಡತಿಯ ಕೈಯಲ್ಲಿ ವಿಮಾನ ಕೊಟ್ಟು, ನಾನು ರಿಮೋಟನ್ನು ಕಡಿಮೆ ಶಕ್ತಿಗೆ ಇಳಿಸಿ ದೂರ ನಡೆಯುತ್ತ ಹೋದೆ. ಕಡ್ಡಿ ಹಿಂದಕ್ಕೆ ಎಳೆದರೆ ಬಾಲದ ಪಟ್ಟಿ ಮೇಲೇಳಬೇಕು. ಎಡಕ್ಕೆ ತಳ್ಳಿದರೆ ಎಡರೆಕ್ಕೆಯ ಪಟ್ಟಿ ಮೇಲೇಳಬೇಕು, ಬಲದ್ದು ಇಳಿಯಬೇಕು. ಪ್ರತಿ ಸಲವೂ ಆಕೆ ಕೂಗಿ ಹೇಳಿದಳು. ಒಂದೂ ತಪ್ಪಲಿಲ್ಲ. ಎರಡನೆಯ ವಿಮಾನದ ತಪ್ಪು ಇಲ್ಲಿ ಇಲ್ಲ ಎಂದು ಖಾತ್ರಿಯಾಯಿತು.

ಸಂಜೆ ತೂಗಿದ್ದೆನಲ್ಲ, ಮತ್ತೆ ತೂಗುವ ಅಗತ್ಯವಿರಲಿಲ್ಲ. ಆದರೆ ಕೂರಿಸಿದ ಬಾಗಿಲನ್ನು ಹಿಂದಿರುಗುವ ಮುಂಚೆ ಇನ್ನೊಮ್ಮೆ ಹಾಕಿ ತೆಗೆದು ನೋಡದೆ ನಾನು ಯಾರ ಮನೆಯಿಂದಲೂ ಹೊರಟಿಲ್ಲ. ಹಲಗೆ ಇಟ್ಟು, ಗುರುತು ನೋಡಿ, ವಿಮಾನ ಕೂರಿಸಿ ಕೈ ಬಿಟ್ಟೆ. ಬಾಲ ಕುಸಿದು ಹಲಗೆಗೆ ತಾಗಿತು.

ಮತ್ತೆ ಕೂರಿಸಿದೆ. ಮತ್ತೆ ಕುಸಿಯಿತು. ಬ್ಯಾಟರಿ ಜಾಗದಲ್ಲೇ ಇತ್ತು. ಮೊಳೆ ಜಾಗದಲ್ಲೇ ಇತ್ತು. ಮಸಿಯ ಗುರುತು ಅಳಿಸಿರಲಿಲ್ಲ.

"ವಿಮಾನಕ್ಕ ಇನ್ನಾ ನಿದ್ದಿ ಹಾರಿಲ್ಲೇನ್ರಿ ದಾಜಿ?" ಎಂದ ಹೆಂಡತಿಯ ತಮ್ಮ. ಬುತ್ತಿ ಹಿಡಿದವರು ನಕ್ಕರು.

ಬಾಲದ ಮೇಲೆ ಬೆರಳಿನಿಂದ ಬಾರಿಸಿದೆ. ಟಣ್ ಎನ್ನುತ್ತಿದ್ದದ್ದು ದಪ್ ಎಂದಿತು. ಬಗ್ಗಿ ಅದಕ್ಕೆ ಗಲ್ಲ ಹಚ್ಚಿದೆ. ಕಂಬಳಿಯ ಗಂಜಿ ಒಣಗಿತೋ ಇಲ್ಲವೋ ಎಂದು ಅವ್ವ ನೋಡುತ್ತಿದ್ದುದು ಹೀಗೆಯೇ, ಅಂಗೈಗೆ ತಿಳಿಯದ ತಂಪು ಗಲ್ಲಕ್ಕೆ ತಿಳಿಯುತ್ತದೆ. ಬಾಲ ತಂಪಾಗಿತ್ತು. ಇಬ್ಬನಿ ಕುಡಿದಿತ್ತು. ಹುಣಸೆ ಬೀಜದ ಗಂಜಿ ಒಣಗಿದಾಗ ಎಷ್ಟು ಬಿಗಿಯುತ್ತದೋ, ಹಸಿ ಸಿಕ್ಕರೆ ಅಷ್ಟೇ ಆಸೆಯಿಂದ ಕುಡಿಯುತ್ತದೆ. ವಾರ್ನಿಶ್ ಹೊಡೆದ ಕಡೆ ಅದಕ್ಕೆ ದಾರಿ ಇರಲಿಲ್ಲ. ಭಾರ ಬೇಡವೆಂದು ನಾನು ವಾರ್ನಿಶ್ ಬಿಟ್ಟ ಜಾಗದಲ್ಲೇ ಹೊಕ್ಕು ಭಾರವಾಗಿ ಕೂತಿತ್ತು.

ಸಂಗತಿ ಹೇಳಿದೆ. ಹೆಂಡತಿ ಬಾಲವನ್ನು ಒಮ್ಮೆ ಮುಟ್ಟಿ ನೋಡಿದಳು.

ಆಕೆಯ ತಮ್ಮ ಒಂದು ಉಪಾಯ ಹೇಳಿದ. ತನ್ನ ಮೋಟಾರ್ ಸೈಕಲ್ಲಿನ ಡಬ್ಬಿಯಲ್ಲಿ ನಟ್ಟುಗಳಿವೆ, ಮೂಗಿಗೆ ಒಂದೆರಡು ಕಟ್ಟಿದರೆ ತೂಕ ಸರಿಹೋಗುತ್ತದೆ, ಲಗೂನ ಹಾರಿಸಿ ಮುಗಿಸಿರಿ ಎಂದ. ಉಪಾಯ ತಪ್ಪಲ್ಲ. ತೂಕದ ಮಟ್ಟಿಗೆ ಅದು ಸರಿಯೇ. ಆದರೆ ಬಾಲವನ್ನು ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದೆ, ಹಲಗೆಯ ಓರೆ ನೋಡುವ ಹಾಗೆ. ಕಾಗದ ಸಡಿಲಾಗಿ ಎಡದ ಅಂಚು ಅಕ್ಕಿಕಾಳಿನಷ್ಟು ಮೇಲೆ ತಿರುಚಿತ್ತು. ತೂಕ ನಟ್ಟಿನಿಂದ ಸರಿಹೋದೀತು, ಓರೆ ಹೋಗುವುದಿಲ್ಲ. ಓರೆ ಬಾಲದ ವಿಮಾನವನ್ನು ನಾನು ಹಾರಿಸುವುದಿಲ್ಲ.

"ಒಣಗಲಿ," ಎಂದೆ.

"ಒಣಗೂತನ ಗಾಳಿ ಏಳ್ತೈತ್ರಿ. ಟೆಂಪೋನೂ ಬರ್ತೈತಿ."

"ಬರ್ಲಿ. ಹಸಿ ಬಾಗಿಲಕ್ಕ ಬಣ್ಣ ಹಚ್ಚಿ ನಾ ಯಾರಿಗೂ ಕೊಟ್ಟಿಲ್ಲೋ ತಮ್ಮಾ."

ತೋಟಕ್ಕೆ ಹೋಗುವವರು ಸ್ವಲ್ಪ ಹೊತ್ತು ನಿಂತು ನೋಡಿದರು. ಬಾಲ ಒಣಗಿಸುವುದರಲ್ಲಿ ನೋಡುವಂಥದ್ದೇನಿದೆ? ಒಬ್ಬ ಹೊರಡುವಾಗ, ಬಟ್ಟೆ ಒಣಹಾಕುವ ಹಗ್ಗ ಕಳಿಸಲೇನು ಎಂದು ಕೇಳಿದ. ಹೆಂಡತಿಯ ತಮ್ಮ ಟೆಂಪೊದವನಿಗೆ ಹಾದಿ ತೋರಿಸಲು ರಸ್ತೆಯ ಕಡೆ ಹೋದ. ಮಡ್ಡಿಯ ಮೇಲೆ ನಾವಿಬ್ಬರೇ ಉಳಿದೆವು.

ಬಿಸಿಲು ಏರುತ್ತಿತ್ತು. ಬಾಲವನ್ನು ಬಿಸಿಲಿಗೆ ಒಡ್ಡಿ ಸುಮ್ಮನೆ ಬಿಡುವಂತಿಲ್ಲ. ಒಂದೇ ಮಗ್ಗುಲು ಒಣಗಿದರೆ ಆ ಕಡೆಗೆ ಎಳೆದು ಇನ್ನಷ್ಟು ತಿರುಚುತ್ತದೆ. ಕಂಬಳಿಯನ್ನೂ ಹೀಗೇ, ಎಳೆದು ಕಟ್ಟಿ, ಮಗ್ಗುಲು ಬದಲಿಸುತ್ತ ಒಣಗಿಸುತ್ತಾರೆ. ನಾನು ವಿಮಾನವನ್ನು ತೊಡೆಯ ಮೇಲೆ ಹಿಡಿದು ಕೂತೆ. ತಿರುಚಿದ ಅಂಚನ್ನು ಎರಡು ಬೆರಳಲ್ಲಿ ಮೆಲ್ಲಗೆ ಎದುರು ದಿಕ್ಕಿಗೆ ಒತ್ತಿ ಹಿಡಿದೆ. ಸ್ವಲ್ಪ ಹೊತ್ತು ಮೇಲಿನ ಮಗ್ಗುಲು, ಸ್ವಲ್ಪ ಹೊತ್ತು ಕೆಳಗಿನ ಮಗ್ಗುಲು. ಹೆಂಡತಿ ಎದುರಿಗೆ ಕೂತು ಸೆರಗಿನಿಂದ ಗಾಳಿ ಬೀಸಿದಳು, ವಿಮಾನಕ್ಕೋ ನನಗೋ ಗೊತ್ತಾಗಲಿಲ್ಲ.

ಯಂತ್ರದ ಮಾತು ತೆಗೆದಳು. ಗಟದ ಹೆಂಗಸರಲ್ಲಿ ಇಬ್ಬರು ಈಗಾಗಲೇ ಶಾವಿಗೆಗೆ ಗೋಧಿ ನೆನೆಹಾಕುವುದನ್ನು ಮಾತಾಡಿಕೊಂಡಿದ್ದಾರೆ, ಉಮದಿಯ ಸಂತೆಯಲ್ಲಿ ಕೂರುವುದಕ್ಕೂ ಒಬ್ಬಳು ಒಪ್ಪಿದ್ದಾಳೆ ಎಂದಳು. ಪಡಸಾಲೆಯಾದರೆ ಮೂರು ಕಡೆ ತಗಡಿನ ಪತ್ರಾ ಹೊಡೆಯಬೇಕು, ಆಗುತ್ತದೆ ಎಂದಳು. ಬೇಡುವ ದನಿಯಲ್ಲಿ ಹೇಳಲಿಲ್ಲ. ಸೋತರೆ ಏನು ಮಾಡಬೇಕು ಎಂದು ಆಗಲೇ ಲೆಕ್ಕ ಹಾಕಿಕೊಂಡವರ ದನಿ. ಆ ದನಿ ನನಗೆ ಗೊತ್ತು, ನನ್ನದೂ ಅದೇ.

"ನಿಮಗ ಹಾರಸೂದಕ್ಕಿಂತ ತೂಗೂದ ಭಾಳ ಸೇರ್ತೈತಿ," ಎಂದಳು ಕೊನೆಗೆ.

ನಿಜ ಎಂದೆ.

ಬೆರಳಿನಿಂದ ಬಾರಿಸಿದೆ. ದಪ್ ಎನ್ನುತ್ತಿದ್ದದ್ದು ನಿಧಾನಕ್ಕೆ ಗಟ್ಟಿಯಾಗುತ್ತ ಬಂತು. ಗಲ್ಲ ಹಚ್ಚಿದೆ, ಬೆಚ್ಚಗಿತ್ತು. ಒಂದು ಕಣ್ಣು ಮುಚ್ಚಿ ಓರೆ ನೋಡಿದೆ, ಅಂಚು ನೆಟ್ಟಗಾಗಿತ್ತು. ಹಲಗೆಯ ಮೇಲೆ ಕೂರಿಸಿ ಕೈ ಬಿಟ್ಟೆ. ಒಂದು ಗಳಿಗೆ ಅತ್ತಿತ್ತ ತೂಗಾಡಿ, ಮೂಗು ತುಸು ಬಾಗಿಸಿ ನಿಂತಿತು, ಸಂಜೆ ನಿಂತಿದ್ದ ಹಾಗೆಯೇ. ಒಂದು ನಟ್ಟೂ ಕಟ್ಟಲಿಲ್ಲ.

ಅಷ್ಟರಲ್ಲಿ ಗಾಳಿ ಎದ್ದಿತ್ತು. ಒಣಹುಲ್ಲು ಎತ್ತಿ ಬಿಟ್ಟರೆ ಕಾಲಿನ ಹತ್ತಿರ ಬೀಳದೆ ದೂರ ಹೋಗುತ್ತಿತ್ತು. ರಸ್ತೆಯ ಮೇಲೆ ಧೂಳೆಬ್ಬಿಸುತ್ತ ಟೆಂಪೊ ನಮ್ಮ ಹಾದಿಗೆ ತಿರುಗುವುದೂ ಕಾಣಿಸಿತು. ಮುಂದೆ ಹೆಂಡತಿಯ ತಮ್ಮನ ಮೋಟಾರ್ ಸೈಕಲ್.

ಹಾರಿಸಿದೆ.

ಗಾಳಿಗೆ ಎದುರಾಗಿ ನಿಲ್ಲಿಸಿ ಪಂಖಾ ಪೂರ್ತಿ ಬಿಟ್ಟೆ. ಮಾಡಿಕೊಂಡ ಹಾದಿಯ ಅರ್ಧವೂ ಬೇಕಾಗಲಿಲ್ಲ, ಗಾಳಿಯೇ ಎತ್ತಿಕೊಂಡಿತು. ಮೂಗು ಎತ್ತಿ ನಿಲ್ಲಲಿಲ್ಲ. ಎಡಕ್ಕೆ ಎಂದೆ, ಎಡಕ್ಕೆ ತಿರುಗಿತು. ಮನೆಯ ಮೇಲಿಂದ, ಬೇವಿನ ಗಿಡದ ಮೇಲಿಂದ ಸುತ್ತು ಹಾಕಿ ಬಂತು. ಗಾಳಿ ಅಲುಗಿಸಿದಾಗ ಅಲುಗಿ ತಾನಾಗಿಯೇ ಸರಿಯಾಗುತ್ತಿತ್ತು. ಸಾಕಷ್ಟು ಎತ್ತರಕ್ಕೆ ಹೋದ ಮೇಲೆ ನಾನು ಮಾಡಬೇಕೆಂದುಕೊಂಡಿದ್ದ ಪರೀಕ್ಷೆ ಮಾಡಿದೆ. ರಿಮೋಟಿನ ಕಡ್ಡಿಗಳ ಮೇಲಿಂದ ಎರಡೂ ಹೆಬ್ಬೆರಳು ತೆಗೆದೆ. ಸರಿಯಾಗಿ ತೂಗಿದ ವಿಮಾನಕ್ಕೆ ಹಾರಿಸುವವನು ಬೇಕಾಗುವುದಿಲ್ಲ. ಅದು ಮಡ್ಡಿಯ ಉದ್ದಕ್ಕೂ ನೆಟ್ಟಗೆ ಹೋಯಿತು, ಏರಲಿಲ್ಲ, ಇಳಿಯಲಿಲ್ಲ. ಇಡೀ ದಿನ ಅಷ್ಟೇ ನೋಡುತ್ತ ನಿಂತಿದ್ದರೂ ನನಗೆ ಸಾಕಿತ್ತು.

ಟೆಂಪೊ ಅಂಗಳದಲ್ಲಿ ನಿಂತಿತ್ತು. ಚಾಲಕನೂ ಹಮಾಲರೂ ಕೆಳಗಿಳಿದು ಮುಖ ಮೇಲೆ ಮಾಡಿದ್ದರು.

ಬ್ಯಾಟರಿ ತೀರುವ ಮುಂಚೆ ಇಳಿಸಬೇಕು. ಗಾಳಿಗೆ ಎದುರಾಗಿ ತಂದೆ, ಪಂಖಾ ಕಡಿಮೆ ಮಾಡಿದೆ. ಅದು ನಿಧಾನವಾಗಿ, ಒಪ್ಪವಾಗಿ ಇಳಿಯುತ್ತ ಬಂತು. ನೆಲ ಮುಟ್ಟಲು ಒಂದು ಮೊಳ ಇದ್ದಾಗ ಗಾಳಿ ಪಕ್ಕಕ್ಕೆ ತಳ್ಳಿತು. ನಾನು ಕಲ್ಲು ಆರಿಸಿದ್ದ ಹಾದಿಯ ಹೊರಗೆ ಇಳಿಯಿತು. ಎಡಗಾಲಿ ಒಂದು ಕಲ್ಲಿಗೆ ತಾಗಿತು. ವಿಮಾನ ಒಂದು ಸುತ್ತು ತಿರುಗಿ ನಿಂತಿತು, ಗಾಲಿ ಮಾತ್ರ ನಿಲ್ಲದೆ ಇಳಿಜಾರಿನಲ್ಲಿ ಉರುಳುತ್ತ ಹೋಯಿತು.

ಹೋಗಿ ನೋಡಿದೆ. ರೆಕ್ಕೆ, ಬಾಲ, ಒಡಲು, ಪಂಖಾ ಎಲ್ಲ ಸರಿಯಿದ್ದವು. ಗಾಲಿಯ ಅಚ್ಚಿನ ತುದಿಗೆ ಹಾಕಿದ್ದ ಸಣ್ಣ ಮೊಳೆ ಮುರಿದಿತ್ತು. ಹೆಂಡತಿ ಗಾಲಿಯನ್ನು ಹುಡುಕಿ ತಂದಳು. ಆಕೆಯ ತಮ್ಮ ಏದುಸಿರು ಬಿಡುತ್ತ ಮಡ್ಡಿ ಏರಿ ಬಂದ.

"ಖೋಲಿ ನಿಂದು," ಎಂದೆ ಹೆಂಡತಿಗೆ.

"ಯಾಕ್ರಿ? ಗಾಲಿ ಮುರದಿಲ್ಲ, ಕಳಚೇತಿ. ನೋಡ್ರಿ, ಇಡೀ ಐತಿ."

"ಮೊಳಿ ಮುರದೈತಿ. ಒಂದು ಮೊಳಿ ಸೈತ ಕಡಿಮಿ ಆಗಂಗಿಲ್ಲ ಅಂದಿದ್ನಿ."

"ಅದು ನೀವು ಅಂದದ್ದು. ನಾ ಅಂದದ್ದು ತುಂಡಾಗಬಾರ್ದು ಅಂತ. ಎಲ್ಲಿ ತುಂಡಾಗೈತಿ?"

"ನಾ ಅಂದದ್ದಕ್ಕ ನಾ ಬದ್ಧ."

ಆಕೆಯ ತಮ್ಮ ಒಮ್ಮೆ ನನ್ನ ಮುಖ, ಒಮ್ಮೆ ಅಕ್ಕನ ಮುಖ ನೋಡಿದ.

"ಅಕ್ಕಾ, ದಾಜಿ ಸೋತೀನಿ ಅಂತಾರ, ನೀ, ಇಲ್ಲ, ನೀವ ಗೆದ್ದೀರಿ ಅಂತಿ. ಹಮಾಲರು ಅಲ್ಲಿ ಮಶೀನು ಹೊತಗೊಂಡು ನಿಂತಾರ. ಲಗೂನ ಯಾರರೆ ಒಬ್ಬರು ಸೋಲ್ರಿ."

ನಾನು ಬಗ್ಗಲಿಲ್ಲ. ಬಾಗಿಲು ಕೂರಿಸುವಾಗ ಒಂದು ಮೊಳೆ ಕಡಿಮೆ ಹೊಡೆದು, ಆದರೂ ಬಾಗಿಲು ನಿಂತಿದೆಯಲ್ಲ ಎಂದು ನಾನು ಯಾರಿಗೂ ಹೇಳಿಲ್ಲ. ನನ್ನ ವಿಮಾನ ಹಾರಿತು, ತೂಗಿದ್ದು ಸರಿಯಾಗಿತ್ತು, ಕೈ ಬಿಟ್ಟಾಗ ನೆಟ್ಟಗೆ ಹೋಯಿತು. ಅದನ್ನು ಯಾರೂ ನನ್ನಿಂದ ಕಿತ್ತುಕೊಳ್ಳುವ ಹಾಗಿಲ್ಲ. ಗೆದ್ದದ್ದು ಎಷ್ಟು ಎಂದು ನನಗೆ ಗೊತ್ತಿದ್ದ ಮೇಲೆ, ಗೆಲ್ಲದ ಅಷ್ಟನ್ನು ಕೊಟ್ಟುಬಿಡುವುದು ಕಷ್ಟವಲ್ಲ. ಕೆಳಗೆ ಹೋಗಿ ಹಮಾಲರಿಗೆ ಕೋಣೆಯ ಬಾಗಿಲು ತೆರೆದುಕೊಟ್ಟೆ. ಯಂತ್ರ ಬಾಗಿಲಲ್ಲಿ ಹಿಡಿಯಲಿಲ್ಲ. ಚೌಕಟ್ಟಿನ ಒಂದು ಪಟ್ಟಿ ಬಿಚ್ಚಿ, ಯಂತ್ರ ಒಳಗೆ ಹೋದ ಮೇಲೆ ನಾನೇ ಮತ್ತೆ ಕೂರಿಸಿದೆ. ಮೊಳೆ ಎಲ್ಲ ಹೊಡೆದೆ.

ಹೆಂಡತಿಯೂ ಬಿಡುವವಳಲ್ಲ. ಯಂತ್ರ ಕೂತ ಮೇಲೆ ಕೋಣೆಯಲ್ಲಿ ನಿಂತು ಸುತ್ತ ನೋಡಿದಳು. ಕಿಟಕಿಯ ಕಡೆ ಗೋಡೆ ತನಗೆ ಬೇಕಾಗಿಲ್ಲ, ತೊಲೆಗಳಿಗೆ ಶಾವಿಗೆ ನೇತುಹಾಕುವುದಿಲ್ಲ, ಅವನ್ನು ನೀವೇ ಇಟ್ಟುಕೊಳ್ಳಿ ಎಂದಳು. ಕೊಡುತ್ತಿದ್ದೇನೆ ಎನ್ನಲಿಲ್ಲ, ಬೇಕಾಗಿಲ್ಲ ಎಂದಳು. ಹಾಗೆ ಹೇಳಿದರೆ ಮಾತ್ರ ನಾನು ತೆಗೆದುಕೊಳ್ಳುತ್ತೇನೆ ಎಂದು ಆಕೆಗೆ ಗೊತ್ತು.

ಈಗ ವಿಮಾನಗಳು ತೊಲೆಗೆ ನೇತಾಡುತ್ತವೆ. ಕೆಳಗೆ ಯಂತ್ರ ತಿರುಗುವಾಗ ರೆಕ್ಕೆಗಳ ಮೇಲೆ ಹಿಟ್ಟಿನ ಧೂಳು ಕೂರುತ್ತದೆ. ತೂಗುವ ಮುಂಚೆ ತೆಳು ಬಟ್ಟೆಯಿಂದ ಒರೆಸುತ್ತೇನೆ, ಬಾಲವನ್ನು ಎರಡು ಸಲ. ಬಾಲಕ್ಕೂ ಈಗ ಒಂದು ಕೈ ವಾರ್ನಿಶ್ ಹೊಡೆಯುತ್ತೇನೆ. ಆ ಭಾರ ಸರಿದೂಗಲು ಬ್ಯಾಟರಿಯ ಗೂಡನ್ನು ಮುಂದಕ್ಕೆ ಉದ್ದ ಮಾಡಿದ್ದೇನೆ. ಬೇಕೆಂದಂತೆ ಬ್ಯಾಟರಿ ಹಿಂದೆ ಮುಂದೆ ಸರಿಯುತ್ತದೆ. ಅಂಟು ಮಾತ್ರ ಹುಣಸೆ ಬೀಜದ್ದೇ. ಅದನ್ನು ಬದಲಿಸಿಲ್ಲ, ಬದಲಿಸುವುದೂ ಇಲ್ಲ.

ಇವತ್ತಿಗೆ ನನ್ನ ಹತ್ತಿರ, ಮುರಿದ ಆ ಎರಡನ್ನು ಬಿಟ್ಟು, ನಾಲ್ಕು ವಿಮಾನಗಳಿವೆ. ಮೂರು ಹಾರುತ್ತವೆ, ನಾಲ್ಕನೆಯದಕ್ಕೆ ಇನ್ನೂ ಬಾಲವಾಗಿಲ್ಲ. ರಿಮೋಟ್ ಒಂದು. ಬ್ಯಾಟರಿ ಐದು, ಅವುಗಳಲ್ಲಿ ಎರಡು ಹಳೆಯವು. ತೂಗುವ ಹಲಗೆ ಒಂದು. ತೊಲೆ ಆರು, ಗೋಡೆ ಒಂದು.